ಕೋಟಿನ ಗುಂಡಿ, ರಸ್ತೆಯ ಗುಂಡಿ

ಕನ್ನಡದಲ್ಲಿ ಗುಂಡಿ ಎರಡು ಬಗೆ. ಅಂಗಿಗೆ ಹಾಕುವುದು ಒಂದು, ರಸ್ತೆಗೆ ಬೀಳುವುದು ಇನ್ನೊಂದು. ಮೊದಲನೆಯದು ಕಿತ್ತುಹೋದರೆ ಮನೆಯಲ್ಲೇ ಯಾರಾದರೂ ಸೂಜಿ ದಾರ ಹಿಡಿದು ಹೊಲಿದುಕೊಡುತ್ತಾರೆ. ಎರಡನೆಯದು ಬಿದ್ದರೆ ಅದನ್ನು ಮುಚ್ಚಬೇಕಾದವರು ಯಾರು ಎಂಬ ತಕರಾರೇ ಒಂದು ಮಳೆಗಾಲ ದಾಟುತ್ತದೆ. ಈ ಎರಡೂ ಗುಂಡಿಗಳ ಖರ್ಚು ಒಂದೇ ಕಂಪನಿಯ ಖಾತೆಗೆ ಬೀಳುತ್ತಿದ್ದ ಕಾಲವೊಂದಿತ್ತು. ಅದು ಬ್ರಿಟನ್ನಿನ ಟ್ರಾಮ್ ಕಂಪನಿಗಳ ಕಾಲ. ಸಿಬ್ಬಂದಿಯ ಕೋಟಿಗೆ ಹೊಳೆಯುವ ಲೋಹದ ಗುಂಡಿ ಹಾಕಿಸುವುದು ಕಂಪನಿಯ ಹೆಮ್ಮೆ. ಹಳಿಗಳ ಅಕ್ಕಪಕ್ಕ ಬಿದ್ದ ಗುಂಡಿ ಮುಚ್ಚಿಸುವುದು ಕಂಪನಿಯ ಕರ್ಮ.

ಹಳೆಯ ಟ್ರಾಮ್ ಗುಂಡಿಗಳನ್ನು ಕೂಡಿಡುವವರ ಪೆಟ್ಟಿಗೆಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ಗುರುತಿದೆ: ಲಾಳಾಕಾರದ ಅಯಸ್ಕಾಂತ, ಅದರ ಜೊತೆಗೊಂದು ಗಾಲಿ. ಊರಿನ ಹೆಸರಿಲ್ಲ, ರಾಜನ ಕಿರೀಟವಿಲ್ಲ, ಸಿಂಹವಿಲ್ಲ. ಇದು ಬ್ರಿಟಿಷ್ ಎಲೆಕ್ಟ್ರಿಕ್ ಟ್ರ್ಯಾಕ್ಷನ್ ಕಂಪನಿಯ ಗುರುತು. ಜನರ ಬಾಯಲ್ಲಿ ಅದು ಬರೀ ಬಿಇಟಿ. ಇಂಗ್ಲೆಂಡು, ವೇಲ್ಸ್, ಸ್ಕಾಟ್ಲೆಂಡು, ಐರ್ಲೆಂಡುಗಳ ಹತ್ತಾರು ಊರುಗಳಲ್ಲಿ ಬೇರೆ ಬೇರೆ ಹೆಸರಿನಿಂದ ಓಡುತ್ತಿದ್ದ ಟ್ರಾಮ್‌ಗಳ ಹಿಂದೆ ಇದ್ದದ್ದು ಈ ಒಂದೇ ಕಂಪನಿ. ಒಂದು ಬೀದಿ ಯಾರದು, ಅಲ್ಲಿ ವಾಸಿಸುವ ಊರಿನವರದೋ ಅಥವಾ ಅಲ್ಲಿ ಹಳಿ ಹಾಸಿದ ಷೇರುದಾರರದೋ ಎಂಬ ಜಗಳ ಆ ದೇಶದಲ್ಲಿ ಸುಮಾರು ಅರ್ಧ ಶತಮಾನ ನಡೆಯಿತು. ಯಾವ ಊರಿನಲ್ಲಿ ಯಾರು ಗೆದ್ದರು ಎಂದು ತಿಳಿಯಲು ಕಂಡಕ್ಟರನ ಎದೆ ನೋಡಿದರೆ ಸಾಕಿತ್ತು.

ಹದಿನೆಂಟು ಅಂಗುಲದ ಋಣ

ಬ್ರಿಟನ್ನಿಗೆ ಬೀದಿ ಟ್ರಾಮ್ ತಂದವನು ಒಬ್ಬ ಅಮೆರಿಕನ್. ಹೆಸರೇ ಟ್ರೇನ್: ಜಾರ್ಜ್ ಫ್ರಾನ್ಸಿಸ್ ಟ್ರೇನ್. 1860ರ ಆಗಸ್ಟ್‌ನಲ್ಲಿ ಲಿವರ್‌ಪೂಲ್ ಎದುರಿನ ದಡದ ಬರ್ಕನ್‌ಹೆಡ್‌ನಲ್ಲಿ ಅವನ ಕುದುರೆ ಟ್ರಾಮ್ ಓಡಿತು. ಮರುವರ್ಷ ಲಂಡನ್ನಿನಲ್ಲೂ ಹಳಿ ಹಾಕಿದ. ಆದರೆ ಅವನ ಹಳಿಯ ಅಂಚು ರಸ್ತೆಯಿಂದ ಮೇಲಕ್ಕೆ ಎದ್ದು ನಿಂತಿತ್ತು. ಸಾರೋಟಿನಲ್ಲಿ ಬರುವ ಶ್ರೀಮಂತರ ಗಾಲಿಗಳು ಅದಕ್ಕೆ ಬಡಿದು ಕುಲುಕಿದವು. ಬಡವರ ಸಂಚಾರಕ್ಕೆ ಹಾಕಿದ ಹಳಿ ಶ್ರೀಮಂತರ ಬೆನ್ನಿಗೆ ಪೆಟ್ಟು ಕೊಟ್ಟರೆ ಎಷ್ಟು ದಿನ ಉಳಿದೀತು? ವರ್ಷ ತುಂಬುವುದರೊಳಗೆ ಲಂಡನ್ನಿನ ಹಳಿಗಳನ್ನು ಕಿತ್ತು ಹಾಕಿದರು.

ಮುಂದೆ ರಸ್ತೆಯ ಮಟ್ಟಕ್ಕೇ ಕೂರುವ, ನಡುವೆ ತೋಡು ಇರುವ ಹಳಿ ಬಂತು. ಜೊತೆಗೆ 1870ರಲ್ಲಿ ಟ್ರಾಮ್‌ವೇ ಕಾಯ್ದೆಯೂ ಬಂತು. ಬ್ರಿಟನ್ನಿನ ಟ್ರಾಮ್‌ಗಳ ಹುಟ್ಟಿಗೂ ಕೊರಗಿಗೂ ಈ ಕಾಯ್ದೆಯೇ ಜಾತಕ. ಅದರ ಎರಡು ಕಲಮುಗಳನ್ನು ನೆನಪಿಟ್ಟುಕೊಂಡರೆ ಉಳಿದ ಕಥೆ ತಾನಾಗಿ ಬಿಚ್ಚಿಕೊಳ್ಳುತ್ತದೆ.

28ನೇ ಕಲಮು ರಸ್ತೆಯದು. ಎರಡು ಹಳಿಗಳ ನಡುವಿನ ರಸ್ತೆಯನ್ನೂ, ಹಳಿಯ ಆಚೆಗೆ ಎರಡೂ ಬದಿ 18 ಅಂಗುಲ ರಸ್ತೆಯನ್ನೂ ಟ್ರಾಮ್ ಕಂಪನಿಯೇ ದುರಸ್ತಿಯಲ್ಲಿ ಇಡಬೇಕು. ಹಳಿಗಳ ನಡುವಿನ ಅಂತರ ನಾಲ್ಕು ಅಡಿ ಎಂದಿಟ್ಟುಕೊಳ್ಳಿ. ಬದಿಗಳ ಮೂರು ಅಡಿ ಸೇರಿ ಏಳು ಅಡಿ ಅಗಲ. ಒಂದು ಮೈಲಿಗೆ ಸುಮಾರು 37 ಸಾವಿರ ಚದರ ಅಡಿ ಕಲ್ಲುಹಾಸಿನ ಬೀದಿಯನ್ನು ಕಂಪನಿ ತನ್ನ ದುಡ್ಡಿನಲ್ಲಿ ಕಾಪಾಡಬೇಕು. ಕುದುರೆಗಳ ಕಾಲದಲ್ಲಿ ಇದು ನ್ಯಾಯವೇ. ಒಂದು ಟ್ರಾಮ್ ಗಾಡಿ ದಿನವಿಡೀ ಓಡಬೇಕಾದರೆ ಸರದಿಯ ಮೇಲೆ ಹತ್ತು-ಹನ್ನೊಂದು ಕುದುರೆ ಬೇಕಾಗುತ್ತಿತ್ತು. ಅಷ್ಟೂ ಕುದುರೆಗಳ ಲಾಳ ದಿನವೂ ಹಳಿಗಳ ನಡುವಿನ ಅದೇ ಜಾಡನ್ನು ಕುಟ್ಟುತ್ತಿದ್ದವು. ಕುಟ್ಟಿದವರೇ ಸರಿಪಡಿಸಲಿ ಎಂದಿತು ಕಾಯ್ದೆ.

43ನೇ ಕಲಮು ಒಡೆತನದ್ದು. 21 ವರ್ಷವಾದ ಮೇಲೆ ಆಯಾ ಊರಿನ ಆಡಳಿತ ಬಯಸಿದರೆ ಟ್ರಾಮ್ ಮಾರ್ಗವನ್ನು ಕಡ್ಡಾಯವಾಗಿ ಕೊಳ್ಳಬಹುದು. ಆಗ ಬಿಟ್ಟರೆ ಮತ್ತೆ ಏಳೇಳು ವರ್ಷಕ್ಕೊಮ್ಮೆ ಅವಕಾಶ. ಕಂಪನಿಯ ಪಾಲಿಗೆ ಇದು ಬಾಡಿಗೆ ಮನೆಯ ಕರಾರಿನಂತೆ: ಅವಧಿ ಹತ್ತಿರವಾದಂತೆ ಗೋಡೆಗೆ ಸುಣ್ಣ ಹೊಡೆಸಲೂ ಮನಸ್ಸು ಬಾರದು.

ಕುದುರೆ ಹೋಯಿತು, ಲಾಳ ಉಳಿಯಿತು

ವಿದ್ಯುತ್ ಬಂದದ್ದು ತಡವಾಗಿ, ತುಣುಕು ತುಣುಕಾಗಿ. 1885ರಲ್ಲಿ ಬ್ಲ್ಯಾಕ್‌ಪೂಲ್ ಕಡಲತೀರದಲ್ಲಿ ವಿದ್ಯುತ್ ಟ್ರಾಮ್ ಓಡಿತು. 1895ರಲ್ಲಿ ಬ್ರಿಸ್ಟಲ್‌ನಲ್ಲಿ ತಲೆಯ ಮೇಲಿನ ತಂತಿಯಿಂದ ವಿದ್ಯುತ್ ಪಡೆಯುವ ಟ್ರಾಮ್ ಬಂತು. ಈ ವ್ಯವಹಾರದ ಭವಿಷ್ಯವನ್ನು ಸ್ಪಷ್ಟವಾಗಿ ಕಂಡವರಲ್ಲಿ ಎಮಿಲ್ ಗಾರ್ಕ್ ಒಬ್ಬ. 1856ರಲ್ಲಿ ಜರ್ಮನಿಯ ಸ್ಯಾಕ್ಸನಿಯಲ್ಲಿ ಹುಟ್ಟಿ ಇಂಗ್ಲೆಂಡಿನ ಪ್ರಜೆಯಾದವನು. ವಿದ್ಯುತ್ ಯಂತ್ರಗಳನ್ನೂ ಟ್ರಾಮ್ ಗಾಡಿಗಳನ್ನೂ ತಯಾರಿಸುತ್ತಿದ್ದ ಬ್ರಷ್ ಕಂಪನಿಯ ಆಡಳಿತ ಅವನ ಕೈಯಲ್ಲಿತ್ತು. ಲೆಕ್ಕದ ಮನುಷ್ಯ. ಕಾರ್ಖಾನೆಯಲ್ಲಿ ಒಂದೊಂದು ವಸ್ತುವಿನ ತಯಾರಿಕೆಗೆ ನಿಜವಾಗಿ ಎಷ್ಟು ಖರ್ಚಾಗುತ್ತದೆ ಎಂದು ಲೆಕ್ಕ ಹಿಡಿಯುವ ಬಗೆಯನ್ನು ಕುರಿತು ಜಾನ್ ಮ್ಯಾಂಗರ್ ಫೆಲ್ಸ್ ಜೊತೆಗೂಡಿ 1887ರಲ್ಲಿ ಅವನು ಬರೆದ ಪುಸ್ತಕವನ್ನು ವೆಚ್ಚ ಲೆಕ್ಕಶಾಸ್ತ್ರದ ಇತಿಹಾಸಕಾರರು ಇಂದಿಗೂ ಹೆಸರಿಸುತ್ತಾರೆ.

1895-96ರಲ್ಲಿ ಗಾರ್ಕ್ ಕಟ್ಟಿದ ಬಿಇಟಿಯ ಹೂಟ ಸರಳವಾಗಿತ್ತು. ಕುದುರೆ ಅಥವಾ ಉಗಿ ಟ್ರಾಮ್ ಓಡಿಸಿ ಸೋತು ಸುಣ್ಣವಾದ ಸಣ್ಣ ಕಂಪನಿಗಳನ್ನು ಕೊಳ್ಳುವುದು, ತಂತಿ ಎಳೆಯುವುದು, ಹೊಸ ಗಾಡಿ ಇಳಿಸುವುದು. ಊರೂರಿಗೂ ಬೇರೆ ಕಂಪನಿಯ ಹೆಸರು, ಆದರೆ ಹಣ, ಎಂಜಿನಿಯರು, ಲೆಕ್ಕಪತ್ರ ಎಲ್ಲವೂ ಲಂಡನ್ನಿನಿಂದ. 1898ರ ಮೇ ತಿಂಗಳಲ್ಲಿ ಕಿಡರ್‌ಮಿನ್‌ಸ್ಟರ್‌ನಿಂದ ಸ್ಟೋರ್‌ಪೋರ್ಟ್‌ಗೆ ಮೊದಲ ಮಾರ್ಗ ತೆರೆಯಿತು. ನಂತರದ ಐದಾರು ವರ್ಷಗಳಲ್ಲಿ ಗೇಟ್ಸ್‌ಹೆಡ್, ಮರ್ತರ್ ಟಿಡ್‌ಫಿಲ್, ಸ್ವಾನ್ಸಿ, ಬಾರ್ನ್‌ಸ್ಲಿ, ಪೀಟರ್‌ಬರೋ, ವೆಸ್ಟನ್-ಸೂಪರ್-ಮೇರ್, ಉತ್ತರ ಲಂಡನ್ನಿನ ಹೊರವಲಯ ಎಂದು ಪಟ್ಟಿ ಬೆಳೆಯುತ್ತಾ ಹೋಯಿತು.

ಇಷ್ಟೊಂದು ಕಂಪನಿಗಳನ್ನು ಒಂದು ಮನೆತನವೆಂದು ತೋರಿಸಲು ಕುಲಚಿಹ್ನೆ ಬೇಡವೇ? ಅದೇ ಅಯಸ್ಕಾಂತ ಮತ್ತು ಗಾಲಿ. ಟ್ರಾಮ್‌ಗಳ ಮೈಮೇಲೆ, ಟೋಪಿಯ ಬಿಲ್ಲೆಯಲ್ಲಿ, ಕೋಟಿನ ಗುಂಡಿಗಳಲ್ಲಿ ಅದು ಕೂತಿತು. ಶಾಲೆಯ ವಿಜ್ಞಾನ ಪುಸ್ತಕದಷ್ಟು ನೇರ ಚಿತ್ರ ಅದು. ಕಾಂತಕ್ಷೇತ್ರದೊಳಗಿನ ತಂತಿಯಲ್ಲಿ ವಿದ್ಯುತ್ ಹರಿಸಿದರೆ ತಂತಿ ಪಕ್ಕಕ್ಕೆ ತಳ್ಳಲ್ಪಡುತ್ತದೆ. ಆ ತಳ್ಳುವಿಕೆಯನ್ನು ಸುತ್ತುವಿಕೆಯಾಗಿಸಿದರೆ ಮೋಟಾರು. ಹಲ್ಲುಗಾಲಿಯ ಮೂಲಕ ಅಚ್ಚಿಗೆ ಜೋಡಿಸಿದರೆ ಟ್ರಾಮು. ನಿಜವಾದ ಮೋಟಾರಿನೊಳಗೆ ಇದ್ದದ್ದು ತಂತಿ ಸುತ್ತಿದ ವಿದ್ಯುತ್‌ಕಾಂತಗಳೇ ಹೊರತು ಲಾಳದ ಕಾಂತವಲ್ಲ. ಆದರೆ ಬೀದಿಯಲ್ಲಿ ನಿಂತವನಿಗೆ ಅಯಸ್ಕಾಂತವೆಂದು ತಟ್ಟನೆ ತಿಳಿಯಬೇಕಾದರೆ ಲಾಳವೇ ಬೇಕು. ಹೀಗೆ, ಟ್ರಾಮ್‌ನ ಕೊರಳಪಟ್ಟಿಯಿಂದ ಕುದುರೆಯನ್ನು ಬಿಡಿಸಿದ ಕಂಪನಿಯೇ ಅದರ ಲಾಳದ ಆಕಾರವನ್ನು ತನ್ನ ನೌಕರನ ಎದೆಗೆ ಹೊಲಿಸಿತು.

ಅಚ್ಚಿನ ಊರು

ಬ್ರಿಟನ್ನಿನಲ್ಲಿ ಲೋಹದ ಗುಂಡಿ ಎಂದರೆ ಬರ್ಮಿಂಗ್‌ಹ್ಯಾಮ್. 18ನೇ ಶತಮಾನದಿಂದಲೇ ಗುಂಡಿ, ಬಕಲು, ಡಬ್ಬಿ, ಸರಪಳಿಗಳಂಥ ಕಿರುಸಾಮಾನುಗಳಿಗೆ ಹೆಸರಾದ ಊರು ಅದು. ಮುಂದೆ ಜೇಮ್ಸ್ ವ್ಯಾಟ್‌ನ ಉಗಿಯಂತ್ರಕ್ಕೆ ಹಣ ಹೂಡಿದ ಮ್ಯಾಥ್ಯೂ ಬೌಲ್ಟನ್ ಕೂಡ ಗುಂಡಿ ತಯಾರಿಕೆಯ ಮನೆಯಿಂದಲೇ ಬಂದವನು.

ಸಮವಸ್ತ್ರದ ಗುಂಡಿ ಹೊರನೋಟಕ್ಕೆ ಗಟ್ಟಿ ಬಿಲ್ಲೆಯಂತೆ ಕಂಡರೂ ಒಳಗೆ ಟೊಳ್ಳು. ಅದು ಎರಡು ತುಂಡು. ಮುಂಭಾಗ ಹಿತ್ತಾಳೆಯ ತೆಳು ತಗಡು. ಹಿಂಭಾಗ ಇನ್ನೊಂದು ತಗಡು, ಅದಕ್ಕೆ ಬಟ್ಟೆಗೆ ಹೊಲಿಯಲೆಂದು ಬೆಸೆದ ತಂತಿಯ ಕೊಂಡಿ. ಒತ್ತುಯಂತ್ರದಲ್ಲಿ ತಗಡಿನಿಂದ ದುಂಡನೆ ಬಿಲ್ಲೆ ಕತ್ತರಿಸುವುದು ಮೊದಲ ಕೆಲಸ. ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಗಳಲ್ಲಿ ಈ ಯಂತ್ರದ ಹಿಡಿ ಎಳೆಯುತ್ತಿದ್ದವರಲ್ಲಿ ಹೆಂಗಸರೇ ಹೆಚ್ಚು. ನಂತರ ಉಕ್ಕಿನ ಅಚ್ಚಿನ ಮೇಲೆ ಬಿಲ್ಲೆ ಇಟ್ಟು ಮೇಲಿನಿಂದ ಭಾರದ ಗುದ್ದು ಬೀಳಿಸಿದರೆ ಚಿತ್ರ ಉಬ್ಬಿ ನಿಲ್ಲುತ್ತದೆ. ಮುಂಭಾಗದ ಅಂಚನ್ನು ಹಿಂಭಾಗದ ಮೇಲೆ ಸುತ್ತಲೂ ಮಡಿಸಿ ಬಿಗಿದರೆ, ನಮ್ಮ ಕಡೆ ಕರಿಗಡಬಿನ ಅಂಚು ಒತ್ತಿ ಮುಚ್ಚಿದ ಹಾಗೆ, ಗುಂಡಿ ಸಿದ್ಧ. ಕೊನೆಗೆ ಚಿನ್ನದ ಗಿಲೀಟು ಅಥವಾ ನಿಕ್ಕಲ್ ಲೇಪ.

ಈ ಗಿಲೀಟಿಗೂ ಒಂದು ಹಿನ್ನೆಲೆಯಿದೆ. ಹಿಂದೆ ಚಿನ್ನವನ್ನು ಪಾದರಸದಲ್ಲಿ ಕಲಸಿ ಹಚ್ಚಿ, ಬಿಸಿ ಮಾಡಿ ಪಾದರಸವನ್ನು ಆವಿಯಾಗಿಸುತ್ತಿದ್ದರು. ಆ ಹೊಗೆ ಕೆಲಸಗಾರರ ನರಮಂಡಲವನ್ನೇ ತಿನ್ನುತ್ತಿತ್ತು. ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಮನೆತನ 1840ರಲ್ಲಿ ವಿದ್ಯುತ್ತಿನಿಂದ ಲೋಹದ ಲೇಪ ಕೊಡುವ ವಿಧಾನಕ್ಕೆ ಪೇಟೆಂಟ್ ಪಡೆಯಿತು. ಹಾಗಾಗಿ ವಿದ್ಯುತ್ತು ಟ್ರಾಮ್ ಎಳೆಯುವ ಅರ್ಧ ಶತಮಾನ ಮೊದಲೇ ಗುಂಡಿಗೆ ಬಣ್ಣ ಕೊಡಲು ಕಲಿತಿತ್ತು.

ಗುಂಡಿ ವ್ಯಾಪಾರದವರಿಗೆ ಅವರದೇ ಅಳತೆ ಇತ್ತು. ಅಂಗುಲವನ್ನು 40 ಪಾಲು ಮಾಡಿ ಒಂದೊಂದು ಪಾಲನ್ನು 'ಲೈನ್' ಎನ್ನುತ್ತಿದ್ದರು. ಕೋಟಿನ ಎದೆಗೆ ಹಾಕುವ ದೊಡ್ಡ ಗುಂಡಿ ಸುಮಾರು ಒಂದು ಅಂಗುಲ, ಅಂದರೆ ನಮ್ಮ ಎರಡು ರೂಪಾಯಿ ನಾಣ್ಯದ ಅಗಲ. ಟೋಪಿಯ ಗದ್ದಪಟ್ಟಿಯ ಎರಡು ಬದಿಗೆ ಪುಟ್ಟ ಗುಂಡಿ.

ಇಡೀ ಕೆಲಸದಲ್ಲಿ ದುಬಾರಿಯಾದದ್ದು ಹಿತ್ತಾಳೆಯಲ್ಲ, ಅಚ್ಚು. ನುರಿತ ಕೆತ್ತನೆಗಾರ ಉಕ್ಕಿನ ತುಂಡಿನಲ್ಲಿ ಚಿತ್ರವನ್ನು ತಿರುಗುಮುರುಗಾಗಿ, ಒಳಗುಳಿಯಾಗಿ ಕೊರೆಯಬೇಕು. ಒಮ್ಮೆ ಅಚ್ಚು ಸಿದ್ಧವಾದರೆ ಎಷ್ಟು ಹೆಚ್ಚು ಗುಂಡಿ ಒತ್ತುತ್ತೀರೋ ಒಂದೊಂದರ ಬೆಲೆ ಅಷ್ಟು ಇಳಿಯುತ್ತದೆ. ಒಂದೇ ಊರಿನ ಸಣ್ಣ ಕಂಪನಿ ತನ್ನದೇ ಅಚ್ಚು ಕೆತ್ತಿಸಿ ಕೆಲವು ನೂರು ಗುಂಡಿ ಮಾಡಿಸಿಕೊಳ್ಳುವುದಕ್ಕೂ, ಹತ್ತಾರು ಊರುಗಳಿಗೆ ಹೊಂದುವ ಒಂದೇ ಗುರುತನ್ನು ಸಾವಿರಗಟ್ಟಲೆ ಒತ್ತಿಸುವುದಕ್ಕೂ ಇರುವ ವ್ಯತ್ಯಾಸ ಲೆಕ್ಕಶಾಸ್ತ್ರದ ಪುಸ್ತಕ ಬರೆದವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅಯಸ್ಕಾಂತದ ಗುಂಡಿಯಲ್ಲಿ ಊರಿನ ಹೆಸರು ಇರದ ಕಾರಣ ಅದನ್ನು ಯಾವ ಊರಿನ ಕೋಟಿಗೆ ಬೇಕಾದರೂ ಹೊಲಿಯಬಹುದಿತ್ತು.

ಗುಂಡಿಯನ್ನು ತಿರುಗಿಸಿ ನೋಡಿದರೆ ಕೊಂಡಿಯ ಸುತ್ತ ತಯಾರಕರ ಹೆಸರು ಸಣ್ಣ ಅಕ್ಷರಗಳಲ್ಲಿ ಕಾಣುತ್ತದೆ: 17ನೇ ಶತಮಾನದಿಂದ ಗುಂಡಿ ಮಾಡಿಕೊಂಡು ಬಂದ ಫರ್ಮಿನ್ ಮನೆತನ, ಬರ್ಮಿಂಗ್‌ಹ್ಯಾಮಿನ ಸ್ಮಿತ್ ಅಂಡ್ ರೈಟ್, ಜೆ. ಆರ್. ಗಾಂಟ್ ಹೀಗೆ. ಹಲವು ತಯಾರಕರು ಒಂದಾಗಿ 1907ರಲ್ಲಿ ಬಟನ್ಸ್ ಲಿಮಿಟೆಡ್ ಎಂಬ ಕಂಪನಿ ಕಟ್ಟಿದರು. ಬೆನ್ನ ಮೇಲೆ ಆ ಹೆಸರಿದ್ದರೆ ಗುಂಡಿ ಅದಕ್ಕಿಂತ ಹಳೆಯದಲ್ಲ ಎಂದು ಖಚಿತ. ಮುಖದಲ್ಲಿ ಒಡೆಯನ ಗುರುತು, ಬೆನ್ನಲ್ಲಿ ಹುಟ್ಟಿದ ಕಾಲ. ಸಂಗ್ರಾಹಕರು ಗುಂಡಿಯನ್ನು ಕೈಗೆತ್ತಿಕೊಂಡ ಕೂಡಲೇ ಮಗುಚುವುದು ಇದಕ್ಕೇ.

ಒಂದು ಕೋಟು, ಇಬ್ಬರು ಯಜಮಾನರು

ಆ ಕೋಟನ್ನು ತೊಟ್ಟವರ ದಿನಚರಿ ಸುಖದ್ದಲ್ಲ. ಆರಂಭದ ವಿದ್ಯುತ್ ಟ್ರಾಮ್‌ಗಳಲ್ಲಿ ಡ್ರೈವರ್ ನಿಲ್ಲುವ ಜಾಗಕ್ಕೆ ಗಾಜಿನ ತಡೆ ಇರಲಿಲ್ಲ. ಇಂಗ್ಲೆಂಡಿನ ಜನವರಿಯ ಗಾಳಿಮಳೆ ನೇರ ಮುಖಕ್ಕೆ. ಎಡಗೈ ಹಿತ್ತಾಳೆಯ ವೇಗದ ಹಿಡಿಯ ಮೇಲೆ, ಬಲಗೈ ಬ್ರೇಕಿನ ಮೇಲೆ. ಮೊಳಕಾಲು ದಾಟುವ ದಪ್ಪ ಉಣ್ಣೆಯ ಮೇಲಂಗಿಗೆ ಎದೆಯ ಎರಡು ಬದಿಗೂ ಗುಂಡಿಯ ಸಾಲು ಇದ್ದದ್ದು ಬರೀ ಅಂದಕ್ಕಲ್ಲ. ಬಟ್ಟೆಯ ಎರಡು ಪದರ ಎದೆಯ ಮೇಲೆ ಒಂದರ ಮೇಲೊಂದು ಬರಬೇಕು, ಗಾಳಿ ಒಳಗೆ ನುಸುಳಬಾರದು. ಕಂಡಕ್ಟರನ ಹೆಗಲಿಗೆ ಚರ್ಮದ ಹಣದ ಚೀಲ, ಇನ್ನೊಂದು ಬದಿಗೆ ಟಿಕೆಟ್ ತೂತು ಮಾಡುವ ಯಂತ್ರ. ಪ್ರತಿ ತೂತಿಗೂ ಅದು ಗಂಟೆ ಬಾರಿಸಬೇಕು. ಗಂಟೆ ಕೇಳಿಸದಿದ್ದರೆ ಕಾಸು ಕಂಪನಿಗೆ ಹೋಗಲಿಲ್ಲ ಎಂದು ಪ್ರಯಾಣಿಕನಿಗೂ ಗೊತ್ತಾಗುತ್ತಿತ್ತು.

ಅದೇ ಎದೆಯ ಮೇಲೆ ಇನ್ನೊಂದು ಲೋಹದ ತುಂಡೂ ಇರುತ್ತಿತ್ತು: ಲೈಸೆನ್ಸ್ ಬಿಲ್ಲೆ. ಡ್ರೈವರ್, ಕಂಡಕ್ಟರ್ ಆಗಲು ಆಯಾ ಊರಿನ ಆಡಳಿತದಿಂದ, ಲಂಡನ್ನಿನಲ್ಲಾದರೆ ಪೊಲೀಸರಿಂದ, ಪರವಾನಗಿ ಪಡೆಯಬೇಕಿತ್ತು. ಅದರ ಸಂಖ್ಯೆ ಕೊರೆದ ಬಿಲ್ಲೆ ಎಲ್ಲರಿಗೂ ಕಾಣುವಂತೆ ಇರಬೇಕು. ಗುಂಡಿ ಹೇಳುವುದು ಸಂಬಳ ಕೊಡುವವರು ಯಾರೆಂದು. ಬಿಲ್ಲೆ ಹೇಳುವುದು ಬೀದಿಗೆ ಇಳಿಯಲು ಅಪ್ಪಣೆ ಕೊಟ್ಟವರು ಯಾರೆಂದು. ನಮ್ಮ ಕಚೇರಿಗಳ ಜವಾನರು ಹಿತ್ತಾಳೆಯ ಬಿಲ್ಲೆಯ ಡವಾಲಿ ತೊಟ್ಟಾಗ ಅದು ಸಾಹೇಬರ ಅಧಿಕಾರವನ್ನು ಹೊತ್ತು ನಡೆಯುವುದನ್ನು ನೋಡಿದವರಿಗೆ ಇದು ಹೊಸದೇನಲ್ಲ. ಇಲ್ಲಿ ಮಾತ್ರ ಒಂದೇ ಕೋಟಿನ ಮೇಲೆ ಇಬ್ಬರು ಯಜಮಾನರು ಕೂತಿದ್ದರು.

ಲೋಹದ ಗುಂಡಿ ಇದ್ದಲ್ಲಿ ಉಜ್ಜುವ ಕೆಲಸವೂ ಇದ್ದೇ ಇರುತ್ತದೆ. ನಡುವೆ ಸೀಳು ಬಿಟ್ಟ ಹಿತ್ತಾಳೆಯ ಪಟ್ಟಿಯನ್ನು ಗುಂಡಿಗಳ ಹಿಂದೆ ತೂರಿಸಿ ಉಜ್ಜಿದರೆ ಬಟ್ಟೆಗೆ ಕಲೆ ತಾಗದು. ಎನ್‌ಸಿಸಿಯಲ್ಲಿ ಪೆರೇಡಿನ ಹಿಂದಿನ ರಾತ್ರಿ ಬೆಲ್ಟಿನ ಬಕಲಿಗೆ ಬ್ರಾಸೋ ಹಚ್ಚಿ ಉಜ್ಜಿದ ನಮ್ಮವರಿಗೆ ಆ ವಾಸನೆ ನೆನಪಿದ್ದೀತು. ಆ ಬ್ರಾಸೋ ಬ್ರಿಟನ್ನಿನ ಅಂಗಡಿಗಳಿಗೆ ಬಂದದ್ದೂ ಟ್ರಾಮ್‌ಗಳು ಮೆರೆಯುತ್ತಿದ್ದ 1905ರಲ್ಲೇ.

ಮೊದಲ ಮಹಾಯುದ್ಧ ಈ ಗುಂಡಿಗಳನ್ನು ಹೊಸ ಕೋಟುಗಳಿಗೆ ದಾಟಿಸಿತು. ಗಂಡಸರು ಯುದ್ಧಕ್ಕೆ ಹೋದರು, ಟ್ರಾಮ್ ನಿಲ್ಲಿಸುವಂತಿರಲಿಲ್ಲ. 1915ರಲ್ಲಿ ಗ್ಲಾಸ್ಗೋ ನಗರಸಭೆ ಹೆಂಗಸರನ್ನು ಕಂಡಕ್ಟರುಗಳಾಗಿ ನೇಮಿಸಿತು. ಸ್ಕಾಟ್ಲೆಂಡಿನ ಕಡುಹಸಿರು ಚೌಕಳಿಯ ಉದ್ದ ಲಂಗ, ಮೇಲೆ ಸಮವಸ್ತ್ರದ ಕೋಟು. ಉಳಿದ ಊರುಗಳೂ ಕಂಪನಿಗಳೂ ಅದೇ ದಾರಿ ಹಿಡಿದವು. ಯುದ್ಧ ಮುಗಿದ ಮೇಲೆ ಬಹುಪಾಲು ಹೆಂಗಸರು ಕೋಟು ಬಿಚ್ಚಿ ಒಪ್ಪಿಸಿ ಮನೆಗೆ ಮರಳಬೇಕಾಯಿತು.

ಬೀದಿ ಯಾರದು?

ಬಿಇಟಿಯ ಅಯಸ್ಕಾಂತಕ್ಕೆ ಎದುರಾಳಿಯಾಗಿ ನಿಂತದ್ದು ಊರುಗಳ ಲಾಂಛನ. ನಮ್ಮ ಕೆಎಸ್‌ಆರ್‌ಟಿಸಿ ಗುರುತಿನ ಗಂಡಭೇರುಂಡದ ಹಾಗೆ ಬ್ರಿಟನ್ನಿನ ಊರುಗಳಿಗೂ ಹಳೆಯ ಲಾಂಛನಗಳಿವೆ. ಗ್ಲಾಸ್ಗೋಗೆ ಹಕ್ಕಿ, ಮರ, ಗಂಟೆ, ಮೀನು. ನ್ಯೂಕ್ಯಾಸಲ್‌ಗೆ ಮೂರು ಕೋಟೆ. ನಗರಸಭೆಯೇ ಟ್ರಾಮ್ ಓಡಿಸಿದಲ್ಲಿ ಗುಂಡಿಯ ಮೇಲೆ ಸಾಮಾನ್ಯವಾಗಿ ಊರಿನ ಲಾಂಛನ ಅಥವಾ ಹೆಸರಿನ ಮೊದಲಕ್ಷರಗಳು ಬರುತ್ತಿದ್ದವು.

1870ರ ಕಾಯ್ದೆ ಬರೆದವರು ನಗರಸಭೆಗಳು ಹಳಿ ಹಾಕಿ ಗುತ್ತಿಗೆಗೆ ಕೊಟ್ಟಾರು, ತಾವೇ ಗಾಡಿ ಓಡಿಸುವುದು ಬೇಡ ಎಂದುಕೊಂಡಿದ್ದರು. 1883ರಲ್ಲಿ ಹಡರ್ಸ್‌ಫೀಲ್ಡ್ ಆ ಗೆರೆ ದಾಟಿ ತಾನೇ ಓಡಿಸಿ ತೋರಿಸಿತು. 1894ರ ಜುಲೈ 1ರಂದು ಗ್ಲಾಸ್ಗೋ ತನ್ನ ಟ್ರಾಮ್‌ಗಳನ್ನು ವಹಿಸಿಕೊಂಡಿತು. ಹಳೆಯ ಕಂಪನಿ ಗಾಡಿ, ಕುದುರೆಗಳನ್ನು ಬಿಟ್ಟುಕೊಡದಿದ್ದಾಗ ನಗರಸಭೆ ಎಲ್ಲವನ್ನೂ ಹೊಸದಾಗಿ ಮಾಡಿಕೊಂಡಿತು. ಸಿಟ್ಟಿಗೆದ್ದ ಕಂಪನಿ ಅದೇ ಬೀದಿಗಳಲ್ಲಿ ಪೈಪೋಟಿಗೆ ಕುದುರೆ ಬಸ್ಸು ಬಿಟ್ಟಿತು. ಬಹಳ ದಿನ ನಡೆಯಲಿಲ್ಲ.

ಅದೇ ವರ್ಷ ಕಂಪನಿಗಳಿಗೆ ಇನ್ನೂ ದೊಡ್ಡ ಪೆಟ್ಟು ಬಿದ್ದದ್ದು ನ್ಯಾಯಾಲಯದಲ್ಲಿ. 21 ವರ್ಷದ ನಂತರ ಊರು ಕೊಡಬೇಕಾದ್ದು ಟ್ರಾಮ್‌ನ 'ಆಗಿನ ಮೌಲ್ಯ' ಎಂದಿತ್ತು ಕಾಯ್ದೆ. ಆಗಿನ ಮೌಲ್ಯ ಎಂದರೇನು? ಓಡುತ್ತಿರುವ ವ್ಯಾಪಾರ, ಬರಲಿರುವ ಲಾಭ, ಗಳಿಸಿದ ಹೆಸರು ಎಲ್ಲ ಸೇರಬೇಕು ಎಂದವು ಕಂಪನಿಗಳು. ಎಡಿನ್‌ಬರೋ ಮೊಕದ್ದಮೆಯಲ್ಲಿ ಹೌಸ್ ಆಫ್ ಲಾರ್ಡ್ಸ್ ಇದನ್ನು ತಳ್ಳಿಹಾಕಿತು. ಹಳಿ, ಕಲ್ಲು, ಕಟ್ಟಡಗಳನ್ನು ಹೊಸದಾಗಿ ಮಾಡಲು ತಗಲುವ ಖರ್ಚಿನಲ್ಲಿ ಸವೆತ ಕಳೆದು ಉಳಿದದ್ದಷ್ಟೇ ಬೆಲೆ. ಲಂಡನ್ನಿನ ಟ್ರಾಮ್ ಕಂಪನಿಯೊಂದು ಇದೇ ಪ್ರಶ್ನೆಯನ್ನು ಮತ್ತೆ ಎತ್ತಿದಾಗ 1898ರಲ್ಲಿ ಹೌಸ್ ಆಫ್ ಲಾರ್ಡ್ಸ್ ತನ್ನ ಹಿಂದಿನ ತೀರ್ಪುಗಳಿಗೆ ತಾನೂ ಬದ್ಧ ಎಂದು ಸಾರಿತು. 1966ರವರೆಗೂ ಆ ನಿಯಮ ಉಳಿಯಿತು. ನಮ್ಮ ಕಾನೂನು ಕಾಲೇಜುಗಳಲ್ಲಿ ಪೂರ್ವನಿದರ್ಶನದ ಪಾಠದಲ್ಲಿ ಲಂಡನ್ ಸ್ಟ್ರೀಟ್ ಟ್ರಾಮ್‌ವೇಸ್ ಮೊಕದ್ದಮೆಯ ಹೆಸರು ಬರೆದುಕೊಂಡವರಿಗೆ ಅದರ ಮೂಲದಲ್ಲಿ ಹಳೆಯ ಹಳಿಗಳ ಬೆಲೆಯ ಜಗಳ ಇತ್ತೆಂಬುದು ಈಗ ಹೊಳೆದೀತು.

ಬಿಇಟಿ ಹುಟ್ಟಿದ್ದು ಈ ತೀರ್ಪಿನ ನೆರಳಲ್ಲೇ. ದೊಡ್ಡ ನಗರಗಳು ಕೈಗೆ ಸಿಗುವಂತಿರಲಿಲ್ಲ. ಅದಕ್ಕೆ ಒಲಿದದ್ದು ಸಣ್ಣ ಊರುಗಳು, ಊರಿಗೂ ಊರಿಗೂ ನಡುವಿನ ಗಣಿ-ಕಾರ್ಖಾನೆಗಳ ನಾಡು. ಸ್ಟಾಫರ್ಡ್‌ಶೈರಿನ ಕುಂಬಾರಿಕೆಯ ಸೀಮೆಯನ್ನೇ ನೋಡಿ. ಟನ್‌ಸ್ಟಲ್, ಬರ್ಸ್‌ಲಮ್, ಹ್ಯಾನ್ಲಿ, ಸ್ಟೋಕ್, ಫೆಂಟನ್, ಲಾಂಗ್ಟನ್ ಎಂಬ ಆರು ಊರು, ಆರು ಆಡಳಿತ, ಒಂದಕ್ಕೊಂದು ಆಗದ ಅಭಿಮಾನ. ಅಲ್ಲಿನ ಉಗಿ ಟ್ರಾಮ್‌ಗಳನ್ನು ಕೊಂಡ ಬಿಇಟಿ 1899ರಿಂದ ವಿದ್ಯುತ್ ಟ್ರಾಮ್ ಓಡಿಸಿತು. ಆರೂ ಊರು ಕೂಡಿ ಒಂದೇ ಆಡಳಿತವಾದದ್ದು 1910ರಲ್ಲಿ. ಅಂದರೆ ನಗರಸಭೆಗಳು ಒಂದಾಗುವ ಹತ್ತು ವರ್ಷ ಮೊದಲೇ ಒಂದೇ ಕಂಪನಿಯ ಕಂಡಕ್ಟರ್ ಅವುಗಳನ್ನು ಒಂದೇ ಹಳಿಯಲ್ಲಿ ಪೋಣಿಸಿದ್ದ.

ಬರ್ಮಿಂಗ್‌ಹ್ಯಾಮಿನಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ. ಜೋಸೆಫ್ ಚೇಂಬರ್ಲೇನ್ ಮೇಯರ್ ಆಗಿದ್ದಾಗ ಗ್ಯಾಸ್, ನೀರು ಎರಡನ್ನೂ ಖಾಸಗಿಯವರಿಂದ ಬಿಡಿಸಿಕೊಂಡಿದ್ದ ಊರು ಅದು. ಬಿಇಟಿ ಅಲ್ಲಿನ ಟ್ರಾಮ್ ಕಂಪನಿಯನ್ನು ಹಿಡಿತಕ್ಕೆ ತಂದುಕೊಂಡರೂ ಪ್ರಯೋಜನವಾಗಲಿಲ್ಲ. 1904ರಲ್ಲಿ ನಗರಸಭೆ ತನ್ನದೇ ಟ್ರಾಮ್ ಇಳಿಸಿತು. ಗುತ್ತಿಗೆಗಳು ಮುಗಿಯುತ್ತ ಬಂದಂತೆ ಮಾರ್ಗಗಳು ಒಂದೊಂದಾಗಿ ನಗರಸಭೆಯ ವಶವಾದವು. ಬ್ರಿಟನ್ನಿಗೆಲ್ಲ ಗುಂಡಿ ಒತ್ತಿಕೊಡುತ್ತಿದ್ದ ಊರು ತನ್ನ ಬೀದಿಯಲ್ಲಿ ಮಾತ್ರ ಹೊರಗಿನವರ ಗುಂಡಿ ಬೇಡವೆಂದಿತು.

ಬೊಂಬಾಯಿಯ ಕೊಂಡಿ

ಈ ಕಥೆಯ ಒಂದು ಎಳೆ ನಮ್ಮ ಪಕ್ಕದ ಬೊಂಬಾಯಿಗೂ ಬರುತ್ತದೆ. ಅಲ್ಲಿ 1874ರಿಂದ ಕುದುರೆ ಟ್ರಾಮ್ ಇತ್ತು. 1904ರಲ್ಲಿ ನಗರಕ್ಕೆ ವಿದ್ಯುತ್ ಒದಗಿಸಲು ಪರವಾನಗಿ ಕೇಳಿ ಅರ್ಜಿ ಹಾಕಿದ್ದು ಇದೇ ಬಿಇಟಿ. ಅದರ ಪರವಾಗಿ ವ್ಯವಹರಿಸಿದ್ದು ಬ್ರಷ್ ಕಂಪನಿ. 1905ರಲ್ಲಿ ಬಾಂಬೆ ಎಲೆಕ್ಟ್ರಿಕ್ ಸಪ್ಲೈ ಅಂಡ್ ಟ್ರಾಮ್‌ವೇಸ್ ಕಂಪನಿ ಹುಟ್ಟಿತು. 1907ರ ಮೇ 7ರಂದು ವಿದ್ಯುತ್ ಟ್ರಾಮ್ ಓಡಿತು. ಗ್ಲಾಸ್ಗೋ, ಬರ್ಮಿಂಗ್‌ಹ್ಯಾಮುಗಳಲ್ಲಿ ಆದದ್ದೇ ಇಲ್ಲೂ ಆಯಿತು. ಸ್ವಾತಂತ್ರ್ಯಕ್ಕೆ ಎಂಟು ದಿನ ಮುಂಚೆ, 1947ರ ಆಗಸ್ಟ್ 7ರಂದು, ಕಂಪನಿ ನಗರಸಭೆಯ ಕೈಸೇರಿತು. ಮುಂಬಯಿಗೆ ವಲಸೆ ಹೋದ ಕನ್ನಡಿಗರ ಬಾಯಲ್ಲಿ ಇಂದೂ ಓಡುವ 'ಬೆಸ್ಟ್' ಎಂಬ ಹೆಸರಿನಲ್ಲಿ ಆ ಕಂಪನಿಯ ಮೊದಲಕ್ಷರಗಳು ಉಳಿದಿವೆ. ಟ್ರಾಮ್ ಮಾತ್ರ 1964ರ ಮಾರ್ಚ್ 31ಕ್ಕೆ ಮುಗಿಯಿತು.

ಕುದುರೆ ಹೋಯಿತು, ಗುಂಡಿಯೂ ಉಳಿಯಿತು

ಬ್ರಿಟನ್ನಿನಲ್ಲಿ ಟ್ರಾಮ್‌ಗಳ ಏಳ್ಗೆಯ ತುದಿ 1920ರ ದಶಕ. ಆಗ ಸುಮಾರು 14 ಸಾವಿರ ಟ್ರಾಮ್‌ಗಳು ಓಡುತ್ತಿದ್ದವು. ಅದೇ ಹೊತ್ತಿಗೆ ಇಳಿಜಾರೂ ಶುರುವಾಗಿತ್ತು. ಈಗ 28ನೇ ಕಲಮಿಗೆ ಮರಳಬೇಕು. ಕುದುರೆಗಳು ಹೋಗಿ ಕಾಲು ಶತಮಾನವಾಗಿದ್ದರೂ ಹಳಿಗಳ ನಡುವಿನ ರಸ್ತೆ, ಆಚೀಚೆಯ 18 ಅಂಗುಲ ಇನ್ನೂ ಕಂಪನಿಯ ತಲೆಗೇ ಕಟ್ಟಿತ್ತು. ವಿದ್ಯುತ್ ಟ್ರಾಮ್‌ನ ಗಾಲಿ ಉರುಳುವುದು ಹಳಿಯ ಮೇಲೆ. ಕಲ್ಲುಹಾಸನ್ನು ಅದು ಮುಟ್ಟುವುದೂ ಇಲ್ಲ. ಅಲ್ಲಿ ಗುಂಡಿ ಬೀಳಿಸುತ್ತಿದ್ದದ್ದು ಲಾರಿ, ಮೋಟಾರು ಬಸ್ಸು, ಕಂಡವರ ಗಾಡಿ. ತನ್ನ ಪ್ರಯಾಣಿಕರನ್ನು ಕಸಿಯುತ್ತಿದ್ದ ಬಸ್ಸಿಗೆ ತಾನೇ ರಸ್ತೆ ಹಾಸಿಕೊಡುವ ಪಾಡು ಟ್ರಾಮ್ ಕಂಪನಿಯದಾಯಿತು. ಸಾಲದ್ದಕ್ಕೆ ಹಾಸಿದ ಹಳಿಯ ಮೇಲೆ ಸ್ಥಳೀಯ ತೆರಿಗೆ.

ಲೆಕ್ಕ ಬಲ್ಲ ಬಿಇಟಿ ಮೊಂಡು ಹಿಡಿಯಲಿಲ್ಲ. ಮೋಟಾರು ಬಸ್ಸುಗಳಲ್ಲಿ ಅದು 20ನೇ ಶತಮಾನದ ಆರಂಭದಿಂದಲೇ ಕೈಯಾಡಿಸಿತ್ತು. ಈಗ ತಾನೇ ಊರೂರಲ್ಲಿ ಹಳಿ ಬಿಟ್ಟು ಬಸ್ಸು ಹಿಡಿಯಿತು. ಕುಂಬಾರರ ಸೀಮೆಯ ಟ್ರಾಮ್ 1928ರಲ್ಲಿ ನಿಂತಿತು. ಗಾರ್ಕ್ 1930ರಲ್ಲಿ ತೀರಿಕೊಂಡ. ಗೇಟ್ಸ್‌ಹೆಡ್ ಮಾತ್ರ ಬಹಳ ಕಾಲ ಉಳಿಯಿತು. ಟೈನ್ ನದಿಯ ಸೇತುವೆಯ ಮೇಲೆ 1923ರಿಂದ ಅಲ್ಲೊಂದು ಅಪರೂಪದ ನೋಟವಿತ್ತು. ಕಂಪನಿಯ ಟ್ರಾಮ್ ಆಚೆ ದಡದ ನ್ಯೂಕ್ಯಾಸಲ್‌ಗೂ, ನ್ಯೂಕ್ಯಾಸಲ್ ನಗರಸಭೆಯ ಟ್ರಾಮ್ ಈಚೆ ಗೇಟ್ಸ್‌ಹೆಡ್‌ಗೂ ಒಂದೇ ಹಳಿಯಲ್ಲಿ ಬಂದು ಹೋಗುತ್ತಿದ್ದವು. ನದಿಯ ನಟ್ಟನಡುವೆ ಷೇರುದಾರರ ಗುಂಡಿಯೂ ಊರಿನ ಗುಂಡಿಯೂ ಎದುರಾಗಿ ದಾಟುತ್ತಿದ್ದವು. 1951ರ ಆಗಸ್ಟ್ 4ರಂದು ಗೇಟ್ಸ್‌ಹೆಡ್ ಟ್ರಾಮ್ ಕೊನೆಯ ಸಲ ಓಡಿತು.

ಬಸ್ಸಿನಲ್ಲಿ ಬಿಇಟಿ ಇನ್ನೂ ದೊಡ್ಡದಾಯಿತು. ರಾಷ್ಟ್ರೀಕರಣವನ್ನು ವರ್ಷಗಟ್ಟಲೆ ತಡೆದು ನಿಂತು, ಕೊನೆಗೆ 1968ರಲ್ಲಿ ಬ್ರಿಟನ್ನಿನ ತನ್ನ ಬಸ್ಸುಗಳನ್ನು 3.5 ಕೋಟಿ ಪೌಂಡಿಗೆ ಸರ್ಕಾರಕ್ಕೆ ಮಾರಿತು. ಆಮೇಲೆ ಉಳಿದದ್ದು ಬಟ್ಟೆ ಒಗೆಯುವ ವ್ಯವಹಾರ, ಟಿವಿ, ಮತ್ತೇನೇನೋ. 1996ರಲ್ಲಿ ಅದನ್ನು ನುಂಗಿದ್ದು ಇಲಿ, ಜಿರಳೆ ಓಡಿಸುವ ರೆಂಟೋಕಿಲ್. ನೂರು ವರ್ಷದ ಹೆಸರು ಅಲ್ಲಿಗೆ ಅಳಿಯಿತು. ಅದರ ಟ್ರಾಮ್‌ಗಳಲ್ಲಿ ಕೆಲವು ಬದುಕಿವೆ. ಗೇಟ್ಸ್‌ಹೆಡ್‌ನ ಹತ್ತನೇ ನಂಬರಿನ ಗಾಡಿ ಡರಮ್ ಸೀಮೆಯ ಬೀಮಿಶ್ ವಸ್ತುಸಂಗ್ರಹಾಲಯದಲ್ಲಿದೆ, ಐದನೇ ನಂಬರಿನದು ಡಾರ್ಬಿಶೈರಿನ ಕ್ರಿಚ್‌ನಲ್ಲಿ.

ಗುಂಡಿಗಳು ಅದಕ್ಕಿಂತ ಎಷ್ಟೋ ಹೆಚ್ಚು ಸಂಖ್ಯೆಯಲ್ಲಿ ಉಳಿದಿವೆ. ಕೋಟು ಹರಿದರೂ ಗುಂಡಿ ಕಿತ್ತಿಟ್ಟುಕೊಳ್ಳುವುದು ಎಲ್ಲ ದೇಶದ ಗೃಹಿಣಿಯರ ಅಭ್ಯಾಸ. ಲೋಹಶೋಧಕ ಹಿಡಿದು ಹೊಲ ಅಲೆಯುವವರಿಗೂ ಸಿಗುತ್ತವೆ, ಹರಾಜಿನಲ್ಲೂ ಮಾರಾಟವಾಗುತ್ತವೆ. ಸಂಗ್ರಾಹಕ ಅದರಲ್ಲಿ ಕೊಳ್ಳುವುದೇನನ್ನು? ಹಿತ್ತಾಳೆ ಕೆಲವೇ ಗ್ರಾಂ. ಸವೆತ ಕಳೆದು ಬೆಲೆ ಕಟ್ಟಿ ಎಂದ 1894ರ ತೀರ್ಪಿನ ಪ್ರಕಾರ ಅದಕ್ಕೆ ಗುಜರಿಯ ದರವೂ ಸರಿಯಾಗಿ ಹುಟ್ಟದು. ಅವನು ದುಡ್ಡು ಕೊಡುವುದು ಮುಖದ ಮೇಲಿನ ಆ ಲಾಳಕ್ಕೆ, ಆ ಗಾಲಿಗೆ. ಕಂಪನಿಯ ಹೆಸರಿಗೆ ಒಂದು ಕಾಸೂ ಸಲ್ಲದು ಎಂದು ನ್ಯಾಯಾಲಯ ಕಳೆದುಹಾಕಿದ್ದೇ ಈಗ ಗುಂಡಿಯ ಪೂರ್ತಿ ಬೆಲೆ. ಲೆಕ್ಕ ಹಿಡಿದದ್ದೆಲ್ಲ, ಆ ಹಳಿ, ಆ ಕಲ್ಲು, ಆ ಹದಿನೆಂಟು ಅಂಗುಲ, ಡಾಂಬರಿನಡಿ ಹೋಯಿತು. ಅಲ್ಲಿ ಇಂದು ಬೀಳುವ ಗುಂಡಿ ಊರಿನದೇ.